ಯಾವುದು ಜಾಸ್ತಿ, ಯಾವುದು ಕಮ್ಮಿ: ಚಿಕ್ಕ ಮಕ್ಕಳು ಹೋಲಿಸೋದನ್ನ ಕಲಿಯೋದು ಹೇಗೆ

ನಾಲ್ಕು ವರ್ಷದ ಮಗು ಒಂದರಿಂದ ಇಪ್ಪತ್ತರ ತನಕ ಪಟಪಟ ಅಂತ ಹೇಳಿಬಿಡುತ್ತೆ, ಮನೇಲಿ ಎಲ್ಲರಿಗೂ ಖುಷಿ, ಬಂದವರ ಮುಂದೆಲ್ಲ ಹೇಳಿಸ್ತಾರೆ. ಈಗ ಅದೇ ಮಗು ಮುಂದೆ ಏಳು ಅಂಗಿ ಗುಂಡಿ ಒತ್ತೊತ್ತಾಗಿ ಒಂದು ಸಾಲಲ್ಲಿ ಇಡಿ, ಅದರ ಕೆಳಗೆ ಐದೇ ಗುಂಡಿ ದೂರ ದೂರ ಇಟ್ಟು ಉದ್ದದ ಸಾಲು ಮಾಡಿ, "ಯಾವ ಸಾಲಲ್ಲಿ ಜಾಸ್ತಿ ಇದೆ ಪುಟ್ಟಾ?" ಅಂತ ಕೇಳಿ ನೋಡಿ. ತುಂಬಾ ಮಕ್ಕಳು ಉದ್ದ ಕಾಣೋ ಸಾಲನ್ನೇ ತೋರಿಸ್ತಾರೆ, ಅಂದ್ರೆ ಐದರ ಸಾಲನ್ನ. ಎಣಿಸೋಕೆ ಬರಲ್ಲ ಅಂತಲ್ಲ, ಎಣಿಸು ಅಂದ್ರೆ ಎರಡೂ ಸಾಲನ್ನ ಎಣಿಸಿಯೂ ತೋರಿಸಬಹುದು, ಆದ್ರೆ "ಯಾವುದು ಜಾಸ್ತಿ" ಅನ್ನೋ ಪ್ರಶ್ನೆಗೂ ತಾನು ಎಣಿಸೋದಕ್ಕೂ ಸಂಬಂಧ ಇದೆ ಅನ್ನೋದು ಆ ಮಗುವಿಗೆ ಇನ್ನೂ ಹೊಳೆದಿಲ್ಲ.

ಹೋಲಿಸೋದು ಅನ್ನೋದು ನಮಗೆ ಒಂದೇ ಕೆಲಸ ಅನ್ಸುತ್ತೆ, ನೋಡಿದ್ವಿ, ಹೇಳಿದ್ವಿ, ಮುಗೀತು. ಮಗುವಿಗೆ ಅದು ಒಂದೇ ಕೆಲಸ ಅಲ್ಲ. ಕಣ್ಣಳತೆಯಲ್ಲಿ ಹೇಳೋದು ಒಂದು, ಜೋಡಿ ಮಾಡಿ ನೋಡೋದು ಇನ್ನೊಂದು, ಎಣಿಸಿ ಹೇಳೋದು ಮತ್ತೊಂದು, ಏನೂ ಮುಂದಿಲ್ಲದೆ ಬರೀ "ಆರು, ಎಂಟು" ಅಂತ ಕೇಳಿಸಿಕೊಂಡು ಎಂಟೇ ಜಾಸ್ತಿ ಅನ್ನೋದು ಬೇರೇನೇ. ನಾವು ಸಾಮಾನ್ಯವಾಗಿ ಮೊದಲನೇದರಿಂದ ನೇರ ಕೊನೇದಕ್ಕೆ ಹಾರಿಬಿಡ್ತೀವಿ, ನಡುವೆ ಇರೋ ಜೋಡಿ ಮಾಡೋ ಹಂತ ಪೂರ್ತಿ ಬಿಟ್ಟೇ ಹೋಗುತ್ತೆ. ನನ್ನ ಪ್ರಕಾರ ಮುಂದೆ ಮಕ್ಕಳಿಗೆ ವ್ಯತ್ಯಾಸದ ಲೆಕ್ಕ ಕಷ್ಟ ಆಗೋದಕ್ಕೆ ಇದೊಂದು ದೊಡ್ಡ ಕಾರಣ, ಅದಕ್ಕೇ ಇಷ್ಟು ಉದ್ದ ಬರೀತಿದೀನಿ.

ಮೊದಲು ಕಣ್ಣಳತೆ. ಇದನ್ನ ಯಾರೂ ಕಲಿಸಬೇಕಾಗಿಲ್ಲ, ಎಳೆ ಕೂಸಿಗೂ ಸ್ವಲ್ಪ ಇರುತ್ತೆ. 2000ದಲ್ಲಿ ಫೇ ಶೂ ಮತ್ತು ಎಲಿಜಬೆತ್ ಸ್ಪೆಲ್ಕಿ ಅನ್ನೋ ಇಬ್ಬರು ಸಂಶೋಧಕರು ಆರು ತಿಂಗಳ ಕೂಸುಗಳಿಗೆ 8 ಚುಕ್ಕಿ ಇರೋ ಚಿತ್ರಗಳನ್ನ ಬೇಜಾರಾಗೋ ತನಕ ತೋರಿಸಿ, ಆಮೇಲೆ 16 ಚುಕ್ಕಿ ಇರೋ ಚಿತ್ರ ತೋರಿಸಿದ್ರು, ಕೂಸುಗಳು ಹೊಸದೇನೋ ಬಂತು ಅನ್ನೋ ಥರ ಜಾಸ್ತಿ ಹೊತ್ತು ನೋಡಿದ್ವು. ಅದೇ 8 ಮತ್ತು 12 ಚುಕ್ಕಿ ಇಟ್ಟಾಗ ಆ ವಯಸ್ಸಿಗೆ ವ್ಯತ್ಯಾಸ ತಿಳೀಲಿಲ್ಲ. ಒಂಬತ್ತು-ಹತ್ತು ತಿಂಗಳ ಹೊತ್ತಿಗೆ ಅಷ್ಟು ಹತ್ತಿರದ ವ್ಯತ್ಯಾಸವೂ ಗೊತ್ತಾಗೋಕೆ ಶುರು ಆಗುತ್ತೆ. ಇದರಲ್ಲಿ ಗಮನಿಸಬೇಕಾಗಿದ್ದು ಏನಂದ್ರೆ ಕಣ್ಣು ನೋಡೋದು ಎಷ್ಟು ಜಾಸ್ತಿ ಅನ್ನೋದನ್ನಲ್ಲ, ಎಷ್ಟು ಪಟ್ಟು ಜಾಸ್ತಿ ಅನ್ನೋದನ್ನ. 2 ಮತ್ತು 4 ಮಧ್ಯೆ ಇರೋದು ಎರಡೇ, 18 ಮತ್ತು 20 ಮಧ್ಯೆ ಇರೋದೂ ಎರಡೇ, ಆದ್ರೆ ಮೊದಲನೇದು ಯಾರಿಗಾದ್ರೂ ತಟ್ಟನೆ ಗೊತ್ತಾಗುತ್ತೆ, ಎರಡನೇದು ದೊಡ್ಡವರಿಗೂ ಎಣಿಸದೆ ಗೊತ್ತಾಗಲ್ಲ.

ಹಾಗಾಗಿ ಮಗು ಜೊತೆ ಶುರು ಮಾಡುವಾಗ ವ್ಯತ್ಯಾಸ ಚೆನ್ನಾಗಿ ಕಾಣೋ ಹಾಗೆ ಇಡಿ. ಒಂದು ಕಡೆ 3 ಇನ್ನೊಂದು ಕಡೆ 9, ಆಮೇಲೆ 3 ಮತ್ತು 6, ಆಮೇಲೆ 4 ಮತ್ತು 6, ಇವೆಲ್ಲ ಆರಾಮಾಗಿ ಬಂದ ಮೇಲೆ 5 ಮತ್ತು 6. ಎಷ್ಟೋ ವರ್ಕ್‌ಶೀಟ್‌ಗಳಲ್ಲಿ ಮೊದಲ ಲೆಕ್ಕವೇ 5 ಹೂವು, 6 ಹೂವು ಅಂತ ಇರುತ್ತೆ, ಅದು ಹೋಲಿಕೆಯಲ್ಲಿ ಕಷ್ಟದ್ದು, ಅದನ್ನೇ ಮೊದಲು ಕೊಟ್ರೆ ಮಗು ಊಹೆ ಮಾಡೋದನ್ನ ಕಲಿಯುತ್ತೆ ಅಷ್ಟೇ.

ಈಗ ಆ ಉದ್ದ ಸಾಲಿನ ವಿಷಯಕ್ಕೆ ಬರೋಣ. ಇದನ್ನ ಜಗತ್ತಿಗೆ ಪರಿಚಯ ಮಾಡಿಸಿದ್ದು ಸ್ವಿಟ್ಜರ್‌ಲ್ಯಾಂಡಿನ ಮನಶ್ಶಾಸ್ತ್ರಜ್ಞ ಜಾನ್ ಪಿಯಾಜೆ, 1941ರಲ್ಲಿ ಬಂದ ಪುಸ್ತಕದಲ್ಲಿ. ಎರಡು ಸಾಲಲ್ಲಿ ಒಂದೇ ಸಂಖ್ಯೆಯ ವಸ್ತು ಎದುರುಬದುರಾಗಿ ಇಟ್ಟಾಗ ಮಗು ಎರಡೂ ಸಮ ಅಂತ ಒಪ್ಪುತ್ತೆ, ಆಮೇಲೆ ಅದರ ಕಣ್ಣೆದುರೇ ಒಂದು ಸಾಲನ್ನ ಅಗಲಿಸಿ ಮತ್ತೆ ಕೇಳಿದ್ರೆ ಅಗಲ ಮಾಡಿದ್ದೇ ಜಾಸ್ತಿ ಅನ್ನುತ್ತೆ. ಆರೇಳು ವರ್ಷದ ತನಕ ಮಕ್ಕಳಿಗೆ ಅಗಲಿಸಿದ್ರೂ ಎಣಿಕೆ ಅಷ್ಟೇ ಅನ್ನೋದು ಗಟ್ಟಿ ಆಗಿರಲ್ಲ ಅಂತ ಅವರು ಹೇಳಿದ್ರು. ಆದ್ರೆ ಕಥೆ ಅಲ್ಲಿಗೇ ಮುಗೀಲಿಲ್ಲ. 1974ರಲ್ಲಿ ಜೇಮ್ಸ್ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಇದನ್ನೇ ಸ್ವಲ್ಪ ಬದಲಾಯಿಸಿ ಮಾಡಿದ್ರು, ಸಾಲನ್ನ ದೊಡ್ಡವರು ಅಗಲಿಸೋ ಬದಲು ಒಂದು ತುಂಟ ಟೆಡ್ಡಿ ಗೊಂಬೆ ಬಂದು ಕೆದಕಿ ಹಾಳು ಮಾಡೋ ಹಾಗೆ ಆಟ ಕಟ್ಟಿದ್ರು. ಆಗ ನಾಲ್ಕರಿಂದ ಆರು ವರ್ಷದ ಮಕ್ಕಳಲ್ಲೇ ಸರಿ ಉತ್ತರ ಕೊಟ್ಟವರು ತುಂಬಾ ಜಾಸ್ತಿ ಆದ್ರು.

ಯಾಕೆ ಹೀಗೆ ಅಂದ್ರೆ, ದೊಡ್ಡವರು ಬೇಕು ಅಂತಲೇ ಒಂದು ಸಾಲನ್ನ ಮುಟ್ಟಿ ಅದೇ ಪ್ರಶ್ನೆ ಎರಡನೇ ಸಲ ಕೇಳಿದ್ರೆ ಮಗು ಏನು ಅಂದ್ಕೊಳ್ಳಬೇಕು? ಏನೋ ಬದಲಾಗಿರಬೇಕು, ಇಲ್ಲಾ ನಾನು ಮೊದಲು ಹೇಳಿದ್ದು ತಪ್ಪಿರಬೇಕು ಅಂದ್ಕೊಳ್ಳುತ್ತೆ. ಇದು ಮನೇಲಿ, ಕ್ಲಾಸಲ್ಲಿ ದಿನಾ ನಡೆಯೋ ವಿಷಯ. ಮಗು ಸರಿಯಾಗೇ ಹೇಳಿರುತ್ತೆ, ನಾವು ಪರೀಕ್ಷೆ ಮಾಡೋಕೆ "ಹೌದಾ? ಸರಿ ನೋಡಿ ಹೇಳು, ಯಾವುದು ಜಾಸ್ತಿ?" ಅಂತೀವಿ, ಮಗು ತಕ್ಷಣ ಉತ್ತರ ಬದಲಾಯಿಸುತ್ತೆ, ನಾವು ಇವನಿಗೆ ಗೊತ್ತಿಲ್ಲ ಅಂತ ತೀರ್ಮಾನ ಮಾಡ್ತೀವಿ. ಅದರ ಬದಲು "ಹೇಗೆ ಗೊತ್ತಾಯ್ತು? ನಂಗೂ ತೋರಿಸು" ಅನ್ನಿ. ಉತ್ತರ ಸರಿ ಇದ್ದಾಗಲೂ ತಪ್ಪಿದ್ದಾಗಲೂ ಒಂದೇ ದನೀಲಿ ಕೇಳಿ. ಮಗು ಬೆರಳಿಟ್ಟು ತೋರಿಸೋದರಲ್ಲೇ ಅದು ಉದ್ದ ನೋಡಿತಾ, ಎಣಿಸಿತಾ, ಊಹೆ ಮಾಡಿತಾ ಅಂತ ಕಾಣಿಸಿಬಿಡುತ್ತೆ.

ಇನ್ನು ಮುಖ್ಯವಾದ ಜೋಡಿ ಮಾಡೋ ವಿಷಯ. ಐದು ಲೋಟ, ಏಳು ಚಮಚ ತಗೊಳ್ಳಿ. ಲೋಟಗಳನ್ನ ಸಾಲಾಗಿ ಇಡಿ, ಚಮಚ ಎಲ್ಲಾ ಒಂದು ಗುಡ್ಡೆಯಾಗಿ ಪಕ್ಕದಲ್ಲಿರಲಿ. ಎಷ್ಟಿವೆ ಅಂತ ಕೇಳಬೇಡಿ, ನಂಬರ್ ಮಾತೇ ಬೇಡ. "ಪ್ರತಿ ಲೋಟಕ್ಕೂ ಒಂದೊಂದು ಚಮಚ ಹಾಕು" ಅಷ್ಟೇ ಹೇಳಿ. ಮಗು ಒಂದೊಂದಾಗಿ ಹಾಕ್ತಾ ಹೋಗುತ್ತೆ, ಮೊದಮೊದಲು ಒಂದೇ ಲೋಟಕ್ಕೆ ಎರಡು ಹಾಕುತ್ತೆ, ಇಲ್ಲಾ ಒಂದನ್ನ ಬಿಟ್ಟು ಮುಂದೆ ಹೋಗುತ್ತೆ, ಆಗ "ಈ ಲೋಟಕ್ಕೆ ಸಿಕ್ತಾ?" ಅಂತ ಕೇಳಿದ್ರೆ ತಾನೇ ಸರಿ ಮಾಡಿಕೊಳ್ಳುತ್ತೆ. ಎಲ್ಲಾ ಲೋಟಕ್ಕೂ ಒಂದೊಂದು ಬಿದ್ದ ಮೇಲೆ ಕೈಯಲ್ಲಿ ಚಮಚ ಉಳಿಯುತ್ತಲ್ಲ, ಅಲ್ಲಿ ನಿಲ್ಲಿ. "ಎಲ್ಲಾ ಲೋಟಕ್ಕೂ ಚಮಚ ಸಿಕ್ತು, ಇನ್ನೂ ಚಮಚ ಉಳೀತು, ಹಾಗಾದ್ರೆ ಯಾವುದು ಜಾಸ್ತಿ, ಲೋಟಾನಾ ಚಮಚಾನಾ?" ಮಗು ಚಮಚ ಅನ್ನುತ್ತೆ, ಈ ಸಲ ಅದು ಊಹೆ ಅಲ್ಲ, ಉಳಿದ ಚಮಚ ಕೈಯಲ್ಲೇ ಇದೆ. ಆಮೇಲೆ "ಎಷ್ಟು ಉಳೀತು?" ಅಂತ ಕೇಳಿ. ಎರಡು. "ಹಾಗಾದ್ರೆ ಚಮಚ ಎರಡು ಜಾಸ್ತಿ ಇದೆ, ಲೋಟ ಎರಡು ಕಮ್ಮಿ ಇದೆ" ಅಂತ ನೀವೇ ಹೇಳಿ, ಎರಡೂ ವಾಕ್ಯ ಹೇಳಿ.

ಈ ಸಣ್ಣ ಆಟದಲ್ಲಿ ಎಷ್ಟು ಇದೆ ನೋಡಿ. ಏನೂ ಉಳೀದೆ ಹೋದ್ರೆ ಸಮ. ಒಂದು ಕಡೆ ಉಳಿದ್ರೆ ಆ ಕಡೆ ಜಾಸ್ತಿ. ಉಳಿದದ್ದು ಎಷ್ಟೋ ಅಷ್ಟೇ ವ್ಯತ್ಯಾಸ. ಮುಂದೆ ಸ್ಕೂಲಲ್ಲಿ ಬರೋ "ಎಷ್ಟು ಹೆಚ್ಚು", "ಎಷ್ಟು ಕಡಿಮೆ" ಲೆಕ್ಕ ಪೂರ್ತಿ ಇಲ್ಲೇ ಕೂತಿದೆ, ಮಗುವಿಗೆ ಏಳರ ತನಕ ಎಣಿಸೋಕೆ ಬರದೇ ಇದ್ರೂ ನಡೆಯುತ್ತೆ.

ಇದು ಬರೀ ನನ್ನ ಅಭಿಪ್ರಾಯ ಅಲ್ಲ. 1983ರಲ್ಲಿ ಟಾಮ್ ಹಡ್ಸನ್ ಪ್ರಕಟಿಸಿದ ಒಂದು ಅಧ್ಯಯನ ಇದೆ, ಚಿಕ್ಕ ಮಕ್ಕಳಿಗೆ ಲೆಕ್ಕ ಹೇಳಿಕೊಡೋ ಪ್ರತಿಯೊಬ್ಬರಿಗೂ ಇದು ಗೊತ್ತಿರಬೇಕು ಅಂತ ನಂಗೆ ಬಲವಾಗಿ ಅನ್ಸುತ್ತೆ. ಮಕ್ಕಳಿಗೆ ಐದು ಹಕ್ಕಿ, ನಾಲ್ಕು ಹುಳ ಈ ಥರದ ಚಿತ್ರ ತೋರಿಸಿ ಎರಡು ರೀತಿ ಕೇಳಿದ್ರು. ಒಂದು, ಹುಳಕ್ಕಿಂತ ಹಕ್ಕಿ ಎಷ್ಟು ಜಾಸ್ತಿ ಇದೆ? ಇನ್ನೊಂದು, ಹಕ್ಕಿಗಳೆಲ್ಲ ಓಡಿ ಬಂದು ಒಂದೊಂದು ಹುಳ ಹಿಡಿಯೋಕೆ ನೋಡಿದ್ರೆ ಎಷ್ಟು ಹಕ್ಕಿಗೆ ಹುಳ ಸಿಗಲ್ಲ? ಚಿತ್ರ ಅದೇ, ಉತ್ತರ ಅದೇ. ಆದ್ರೆ ನರ್ಸರಿ ಮಕ್ಕಳಲ್ಲಿ ಮೊದಲ ರೀತಿಯ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಟ್ಟವರು ಶೇಕಡಾ 17, ಎರಡನೇದಕ್ಕೆ ಶೇಕಡಾ 83. ಅದಕ್ಕಿಂತ ಒಂದು ವರ್ಷ ದೊಡ್ಡ ಮಕ್ಕಳಲ್ಲಿ ಶೇಕಡಾ 25 ಇದ್ದದ್ದು 96 ಆಯ್ತು. ಒಂದನೇ ಕ್ಲಾಸಿನ ಮಕ್ಕಳಲ್ಲಿ ಕೂಡ ಮೊದಲ ರೀತೀಲಿ ಕೇಳಿದಾಗ ಶೇಕಡಾ 64 ಮಾತ್ರ, ಎರಡನೇ ರೀತೀಲಿ ಕೇಳಿದಾಗ ಎಲ್ಲರೂ ಸರಿ ಹೇಳಿದ್ರು.

ಇದರ ಅರ್ಥ ಮಕ್ಕಳ ತಲೇಲಿ ವ್ಯತ್ಯಾಸದ ಕಲ್ಪನೆ ಇರುತ್ತೆ, ನಾವು ಕೇಳೋ ಪ್ರಶ್ನೆ ಅಲ್ಲಿಗೆ ತಲುಪ್ತಿರಲ್ಲ. "ಎಷ್ಟು ಜಾಸ್ತಿ" ಅಂದಾಗ ಮಗು ಬರೀ "ಜಾಸ್ತಿ" ಕೇಳಿಸಿಕೊಂಡು "ಐದು" ಅಂತ ಹಕ್ಕಿ ಎಣಿಸಿ ಹೇಳುತ್ತೆ, ನೀವೂ ಇದನ್ನ ನೋಡಿರ್ತೀರಿ. ಆಗ "ತಪ್ಪು, ಐದರಲ್ಲಿ ನಾಲ್ಕು ಕಳಿ" ಅನ್ನೋದರಿಂದ ಏನೂ ಆಗಲ್ಲ, ಯಾಕೆ ಕಳೀಬೇಕು ಅಂತ ಮಗುವಿಗೆ ಗೊತ್ತೇ ಇಲ್ಲ, ಇಲ್ಲಿ ಯಾರೂ ಏನೂ ತಗೊಂಡು ಹೋಗಿಲ್ವಲ್ಲ, ಹಕ್ಕಿನೂ ಅಲ್ಲೇ ಇದೆ ಹುಳಾನೂ ಅಲ್ಲೇ ಇದೆ. ಮೊದಲು ಯಾರಿಗೆ ಸಿಗಲ್ಲ, ಎಷ್ಟು ಉಳಿಯುತ್ತೆ, ಯಾವುದಕ್ಕೆ ಜೊತೆ ಇಲ್ಲ ಅಂತ ಕೇಳಿ, ಮಗು ಸರಿ ಹೇಳಿದ ಕೂಡಲೇ ಅದೇ ಉಸಿರಲ್ಲಿ "ಹೌದು, ಅಂದ್ರೆ ಹುಳಕ್ಕಿಂತ ಹಕ್ಕಿ ಒಂದು ಜಾಸ್ತಿ ಇದೆ" ಅಂತ ಸೇರಿಸಿ. ಹೀಗೆ ಸ್ವಲ್ಪ ದಿನ ಮಾಡಿದ್ರೆ ಗೊತ್ತಿರೋ ಮಾತಿಂದ ಗೊತ್ತಿಲ್ಲದ ಮಾತಿಗೆ ದಾರಿ ಆಗುತ್ತೆ, ಕಳೆಯೋ ಲೆಕ್ಕ ಬಂದಾಗ ಅದು ಯಾಕೆ ಅನ್ನೋದೂ ತಿಳಿದಿರುತ್ತೆ.

ಜೋಡಿ ಮಾಡೋಕೆ ಆಗದ ಕಡೆ ಎಣಿಸಬೇಕು. ಎಣಿಸೋದು ಅಂದ್ರೆ ಬಾಯಿಪಾಠ ಒಪ್ಪಿಸೋದಲ್ಲ ಅಂತ ಎಲ್ಲರೂ ಹೇಳ್ತಾರೆ, ಆದ್ರೆ ಅದರೊಳಗೆ ಏನೇನಿದೆ ಅಂತ ಬಿಡಿಸಿ ಹೇಳಿದ್ದು ರೋಶೆಲ್ ಗೆಲ್ಮನ್ ಮತ್ತು ರ್‍ಯಾಂಡಿ ಗ್ಯಾಲಿಸ್ಟೆಲ್, 1978ರಲ್ಲಿ. ಒಂದು ವಸ್ತುವಿಗೆ ಒಂದೇ ಸಂಖ್ಯೆ ಹೇಳಬೇಕು, ಸಂಖ್ಯೆಗಳ ಕ್ರಮ ಬದಲಾಗಬಾರದು, ಕೊನೇಲಿ ಹೇಳಿದ ಸಂಖ್ಯೆಯೇ ಒಟ್ಟು ಎಷ್ಟು ಅನ್ನೋದು, ಯಾವ ವಸ್ತು ಬೇಕಾದ್ರೂ ಎಣಿಸಬಹುದು, ಎಲ್ಲಿಂದ ಶುರು ಮಾಡಿದ್ರೂ ಒಟ್ಟು ಅಷ್ಟೇ. ಹೋಲಿಕೆಗೆ ಬೇಕಾಗಿರೋದು ಮುಖ್ಯವಾಗಿ ಮೂರನೇದು. "ಎಷ್ಟಿದೆ" ಅಂದ್ರೆ "ಒಂದು ಎರಡು ಮೂರು ನಾಲ್ಕು" ಅಂತ ಹೇಳಿ ಸುಮ್ಮನಾಗುತ್ತೆ, "ಹಾಗಾದ್ರೆ ಒಟ್ಟು ಎಷ್ಟು?" ಅಂದ್ರೆ ಮತ್ತೆ ಒಂದರಿಂದ ಶುರು ಮಾಡುತ್ತೆ, ಇಂಥ ಮಗುವಿಗೆ ನಾಲ್ಕು ಅನ್ನೋದು ಕೊನೇ ಗುಂಡಿಯ ಹೆಸರಿದ್ದ ಹಾಗೆ, ಆ ಗುಂಪಿನ ಅಳತೆ ಅಲ್ಲ. ಹೀಗಿರುವಾಗ ನಾಲ್ಕು ಜಾಸ್ತಿನಾ ಐದು ಜಾಸ್ತಿನಾ ಅಂತ ಕೇಳೋದರಲ್ಲಿ ಅರ್ಥ ಇಲ್ಲ. ಪರೀಕ್ಷೆ ಮಾಡಬೇಕು ಅಂದ್ರೆ ತುಂಬಾ ಸುಲಭ, ಎಣಿಸು ಅನ್ನೋದರ ಬದಲು ಒಂದು ಗುಡ್ಡೆಯಿಂದ "ನಂಗೆ ನಾಲ್ಕು ಕೊಡು" ಅನ್ನಿ. ಕ್ಯಾರೆನ್ ವಿನ್ 1990ರ ಸುಮಾರಿಗೆ ಹೀಗೇ ಕೇಳಿ ನೋಡಿದಾಗ, ಆರಾಮಾಗಿ ಸಂಖ್ಯೆ ಹೇಳೋ ಎಷ್ಟೋ ಮಕ್ಕಳು ಮೂರೋ ನಾಲ್ಕೋ ಕೇಳಿದ್ರೆ ಕೈಗೆ ಸಿಕ್ಕಷ್ಟು ಬಾಚಿ ಕೊಟ್ಟುಬಿಡೋದು ಕಂಡುಬಂತು. ಸುಮಾರು ಮೂರೂವರೆ, ನಾಲ್ಕು ವರ್ಷದ ಹೊತ್ತಿಗೆ ಇದು ಸರಿ ಹೋಗುತ್ತೆ, ಒಬ್ಬೊಬ್ಬರಿಗೆ ಒಂದೊಂದು ಟೈಮು.

ಎಣಿಸಿ ಆಯ್ತು, ಈ ಕಡೆ 6 ಆ ಕಡೆ 8 ಅಂತ ಗೊತ್ತಾಯ್ತು. ಅಷ್ಟಕ್ಕೇ ಯಾವುದು ಜಾಸ್ತಿ ಅಂತ ತಿಳಿಯಲ್ಲ, ಎಣಿಸುವಾಗ ಯಾವುದು ಆಮೇಲೆ ಬರುತ್ತೋ ಅದು ಜಾಸ್ತಿ ಅನ್ನೋ ಇನ್ನೊಂದು ಅರಿವು ಬೇಕು. ಇದಕ್ಕೆ ನಂಗೆ ಗೊತ್ತಿರೋ ಹಾಗೆ ಒಳ್ಳೇ ಉಪಾಯ ಒಂದು ಸಾಲಿನ ಆಟ. ನೇರವಾಗಿ ಹತ್ತು ಚೌಕ ಬರೆದು ಎಡದಿಂದ ಬಲಕ್ಕೆ 1ರಿಂದ 10 ಬರೆಯಿರಿ, ಒಂದು ಇಲ್ಲಾ ಎರಡು ಮಾತ್ರ ಬೀಳೋ ಹಾಗೆ ದಾಳಾನೋ ಚೀಟೀನೋ ಮಾಡಿಕೊಳ್ಳಿ. ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ 2008ರಲ್ಲಿ ಬಡ ಕುಟುಂಬದ ಪುಟ್ಟ ಮಕ್ಕಳ ಜೊತೆ ಇಂಥದೇ ಆಟ ಆಡಿಸಿ ನೋಡಿದ್ರು, ಎರಡು ವಾರದೊಳಗೆ ನಾಲ್ಕು ಸಲ, ಸಲಕ್ಕೆ ಸುಮಾರು 15 ನಿಮಿಷ. ಯಾವ ಸಂಖ್ಯೆ ಜಾಸ್ತಿ ಅಂತ ಹೇಳೋದರಲ್ಲಿ ಮಕ್ಕಳು ಚೆನ್ನಾಗಿ ಸುಧಾರಿಸಿದ್ರು, ಒಂಬತ್ತು ವಾರ ಆದ ಮೇಲೂ ಅದು ಉಳಿದಿತ್ತು. ಅದೇ ಥರದ ಚೌಕಗಳಿಗೆ ಸಂಖ್ಯೆ ಬದಲು ಬಣ್ಣ ಹಾಕಿ ಆಡಿಸಿದ ಮಕ್ಕಳಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಒಂದು ವಿಷಯ ತಪ್ಪದೆ ನೋಡಿಕೊಳ್ಳಿ, ಮಗು ಕಾಯಿ 4ರಲ್ಲಿ ಇದ್ದು ಎರಡು ಬಿದ್ರೆ "ಒಂದು, ಎರಡು" ಅಂತ ನಡೆಸಬಾರದು, "ಐದು, ಆರು" ಅಂತ ಚೌಕದ ಸಂಖ್ಯೆ ಹೇಳ್ತಾ ನಡೆಸಬೇಕು. ದೊಡ್ಡ ಸಂಖ್ಯೆಗೆ ಹೋಗೋಕೆ ಜಾಸ್ತಿ ಹೆಜ್ಜೆ, ಜಾಸ್ತಿ ಹೊತ್ತು, ಜಾಸ್ತಿ ಮಾತು ಬೇಕು ಅನ್ನೋದು ಮೈಗೆ ಹತ್ತೋದು ಹಾಗೇ.

"ಕಮ್ಮಿ" ಅನ್ನೋದರ ಬಗ್ಗೆ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ಪಾಪ ಅದನ್ನ ಯಾರೂ ಕೇಳೋದೇ ಇಲ್ಲ. ನಾವು ದಿನವಿಡೀ ಯಾರದ್ದು ಜಾಸ್ತಿ, ಇನ್ನೂ ಬೇಕಾ, ಜಾಸ್ತಿ ಆಯ್ತಾ ಅಂತೀವಿ, ಯಾರದ್ದು ಕಮ್ಮಿ ಅಂತ ಅಪರೂಪಕ್ಕೆ ಕೇಳ್ತೀವಿ. 1960ರ ದಶಕದಲ್ಲೇ ಮಾರ್ಗರೆಟ್ ಡೊನಾಲ್ಡ್‌ಸನ್ ಮತ್ತು ಜೊತೆಗಾರರು ಮೂರ್ನಾಲ್ಕು ವರ್ಷದ ಮಕ್ಕಳು ಕಮ್ಮಿ ಇರೋದು ಯಾವುದು ಅಂದಾಗಲೂ ಜಾಸ್ತಿ ಇರೋದನ್ನೇ ತೋರಿಸೋದನ್ನ ಗಮನಿಸಿದ್ರು. ನೀವು ಹೋಲಿಸಿದಾಗಲೆಲ್ಲ ಎರಡೂ ಕಡೆಯಿಂದ ಹೇಳಿ, ಕೆಲವು ಸಲ ಬೇಕು ಅಂತಲೇ ಕಮ್ಮಿ ಇರೋದನ್ನ ಮಾತ್ರ ಕೇಳಿ.

ಇನ್ನೊಂದು ಗೊಂದಲ ಗಾತ್ರದ್ದು. ಮೂರು ದೊಡ್ಡ ಚೆಂಡು, ಐದು ಗೋಲಿ ಇಟ್ರೆ ಮಗು ಚೆಂಡಿನ ಕಡೆ ಕೈ ತೋರಿಸುತ್ತೆ, ಅದು ತಪ್ಪು ಅಂತ ಹೇಳೋಕೂ ಆಗಲ್ಲ, ಜಾಗದ ಲೆಕ್ಕದಲ್ಲಿ ಚೆಂಡೇ ಜಾಸ್ತಿ. ಹಾಗಾಗಿ ಏನನ್ನ ಹೋಲಿಸ್ತಿದೀವಿ ಅಂತ ಬಾಯಿಬಿಟ್ಟು ಹೇಳಿ, "ಎಣಿಸಿದ್ರೆ ಯಾವುದು ಜಾಸ್ತಿ?" ಅಂತ. ಪುಸ್ತಕದಲ್ಲಿ "ದೊಡ್ಡ ಸಂಖ್ಯೆಗೆ ಸುತ್ತು ಹಾಕು" ಅಂತ ಇದ್ರೆ ಕೆಲವು ಮಕ್ಕಳು ದಪ್ಪ ಅಕ್ಷರದಲ್ಲಿ ಅಚ್ಚಾದ ಸಂಖ್ಯೆಗೆ ಸುತ್ತು ಹಾಕ್ತಾರೆ, ಅವರು ಕೇಳಿದ್ದನ್ನೇ ಮಾಡಿದಾರೆ, ಶುರುವಿನಲ್ಲಿ ಜಾಸ್ತಿ ಅಂತಲೇ ಕೇಳೋದು ವಾಸಿ.

ಉದ್ದ, ತೂಕ, ನೀರು ಇವಕ್ಕೂ ಹೋಲಿಕೆ ಇದ್ದೇ ಇದೆ, ಇಲ್ಲಿ ಎಣಿಸೋಕೆ ಆಗಲ್ಲ ಅಷ್ಟೇ ವ್ಯತ್ಯಾಸ. ಎರಡು ಪೆನ್ಸಿಲ್ ಹೋಲಿಸುವಾಗ ಒಂದು ತುದಿ ಸರಿಯಾಗಿ ಕೂಡಿಸಿ ಇಡೋದನ್ನ ಕಲಿಸಿ, ಇದೊಂದನ್ನ ಕಲಿಸದೇ ಮುಂದೆ ಸ್ಕೇಲ್ ಕೊಟ್ರೆ ಉಪಯೋಗ ಇಲ್ಲ. ತೂಕಕ್ಕೆ ದೊಡ್ಡ ಖಾಲಿ ಡಬ್ಬ ಒಂದು ಕೈಲಿ, ಸಣ್ಣ ಕಲ್ಲು ಇನ್ನೊಂದು ಕೈಲಿ ಕೊಡಿ, ದೊಡ್ಡದೆಲ್ಲ ಭಾರ ಅಲ್ಲ ಅನ್ನೋದು ಕೈಗೇ ಗೊತ್ತಾಗಲಿ. ನೀರಿನದು ಎಲ್ಲಕ್ಕಿಂತ ನಿಧಾನ, ಅಗಲದ ಬಟ್ಟಲಿಂದ ಉದ್ದದ ಲೋಟಕ್ಕೆ ಸುರಿದ್ರೆ ನೀರು ಜಾಸ್ತಿ ಆಯ್ತು ಅಂತ ಐದು ವರ್ಷದ ಮಗು ಹೇಳಿದ್ರೆ ಗಾಬರಿ ಬೇಡ, ಬೇಕಾದಷ್ಟು ಸಲ ಸುರಿದು ವಾಪಸ್ ಸುರಿದು ಆಡಲಿ, ಅದನ್ನ ಮಾತಲ್ಲಿ ಒಪ್ಪಿಸೋಕೆ ಹೋಗಬೇಡಿ.

ಚಿಹ್ನೆಗಳು ಕೊನೆಗೆ. ಸಮ ಅನ್ನೋ ಚಿಹ್ನೆಯನ್ನ ರಾಬರ್ಟ್ ರೆಕಾರ್ಡ್ 1557ರಲ್ಲಿ ಬಳಸಿದ್ದು, ಹೆಚ್ಚು, ಕಮ್ಮಿ ಅನ್ನೋ ಚಿಹ್ನೆಗಳು (>, <) ಥಾಮಸ್ ಹ್ಯಾರಿಯಟ್ ತೀರಿಕೊಂಡ ಮೇಲೆ 1631ರಲ್ಲಿ ಅಚ್ಚಾದ ಪುಸ್ತಕದಲ್ಲಿ ಬಂದದ್ದು. ಅಲ್ಲಿ ತನಕ ಜನ ಹೋಲಿಸದೇ ಇರಲಿಲ್ಲ, ಮಾತಲ್ಲೇ ಬರೀತಿದ್ರು, ಮಗುವಿಗೂ ಅಷ್ಟು ಅವಸರ ಬೇಡ. ಮೊಸಳೆ ಬಾಯಿ ದೊಡ್ಡ ಸಂಖ್ಯೆಯನ್ನ ತಿನ್ನುತ್ತೆ ಅಂತ ಎಲ್ಲಾ ಕಡೆ ಕಲಿಸ್ತಾರೆ, ಮಕ್ಕಳಿಗೆ ಇಷ್ಟಾನೂ ಆಗುತ್ತೆ, ಆದ್ರೆ ಬಾಯಿ ಸರಿಯಾಗಿ ಬರೆದ ಮಗುವಿಗೆ "3 < 7 ಓದು" ಅಂದ್ರೆ ಓದೋಕೆ ಬರಲ್ಲ, ಮೊಸಳೆ ಏಳನ್ನ ತಿಂತು ಅನ್ನುತ್ತೆ. ಚಿಹ್ನೆ ಬರೆಸುವಾಗಲೆಲ್ಲ ಎಡದಿಂದ ಬಲಕ್ಕೆ ಬೆರಳಿಟ್ಟು ಓದಿಸಿ, "ಮೂರು, ಏಳಕ್ಕಿಂತ ಕಮ್ಮಿ", ಆಮೇಲೆ ತಿರುಗಿಸಿ ಬರೆದು "ಏಳು, ಮೂರಕ್ಕಿಂತ ಜಾಸ್ತಿ".

ಸಮ ಚಿಹ್ನೆಗೂ ಇದೇ ಗತಿ ಆಗುತ್ತೆ, ತುಂಬಾ ಮಕ್ಕಳು ಅದನ್ನ "ಈಗ ಉತ್ತರ ಬರಿ" ಅನ್ನೋ ಸೂಚನೆ ಅಂದ್ಕೊಳ್ತಾರೆ, 4 = 4 ಅಂತ ಬರೆದ್ರೆ ಇದೇನು ಲೆಕ್ಕಾನೇ ಅಲ್ಲ ಅಂತಾರೆ. ಅದಕ್ಕೆ ಮೊದಲೇ ಸಮ ಮಾಡೋ ಆಟ ಆಡಿಸಿ. ಒಂದು ಕಡೆ 5 ಗುಂಡಿ, ಇನ್ನೊಂದು ಕಡೆ 9 ಗುಂಡಿ ಇಟ್ಟು "ಎರಡೂ ಸಮ ಮಾಡು" ಅಂತ ಹೇಳಿ ಸುಮ್ಮನೆ ಕೂತ್ಕೊಳ್ಳಿ. ಒಂದು ಮಗು ಡಬ್ಬದಿಂದ ನಾಲ್ಕು ತಂದು ಕಮ್ಮಿ ಇರೋ ಕಡೆ ಹಾಕುತ್ತೆ, ಇನ್ನೊಂದು ಜಾಸ್ತಿ ಇರೋ ಕಡೆಯಿಂದ ನಾಲ್ಕು ತೆಗೆದುಬಿಡುತ್ತೆ. ಮೂರನೇದು ನಾಲ್ಕನ್ನೂ ಈ ಕಡೆಯಿಂದ ಆ ಕಡೆಗೆ ಸರಿಸಿ, ಈಗ ಆ ಕಡೆ ಜಾಸ್ತಿ ಆಗಿದ್ದು ನೋಡಿ ಹುಬ್ಬು ಗಂಟಿಕ್ಕಿ, ಒಂದೊಂದಾಗಿ ವಾಪಸ್ ಸರಿಸ್ತಾ ಎರಡು ಸರಿಸಿದ್ರೆ ಸಾಕು ಅನ್ನೋದನ್ನ ತಾನೇ ಕಂಡುಕೊಳ್ಳುತ್ತೆ. ಆ ಮಗುವಿಗೆ ಬೇಕಾದಷ್ಟು ಟೈಮ್ ಕೊಡಿ, ನಡುವೆ ಬಾಯಿ ಹಾಕಬೇಡಿ, ಮುಗಿದ ಮೇಲೆ ನಾಲ್ಕು ವ್ಯತ್ಯಾಸ ಇದ್ರೂ ಎರಡೇ ಯಾಕೆ ಸರಿಸಿದ್ದು ಅಂತ ಕೇಳಿ.